ಡಿಎಲ್ ಕಿತ್ಕೊಳ್ಳುವಾಗ ಮುಂದೇನು ಅಂತ ಕನ್ನಡದಲ್ಲಿ ಒಂದು ಚೀಟಿನೂ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಬೆಂಗಳೂರಲ್ಲಿ ಒಂದು ಆರ್‌ಟಿಓ ಆಫೀಸಿನ ಎದುರು 11 ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ, ಜೆರಾಕ್ಸ್ ಜೊತೆಗೆ ಆನ್‌ಲೈನ್ ಅರ್ಜಿ ಹಾಕೋದು, ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್ ಎಲ್ಲಾ ಮಾಡ್ಕೊಡ್ತೀನಿ. ಹೊಸ ವರ್ಷ ಮುಗಿದು ಎರಡು ಮೂರು ವಾರಕ್ಕೆ, ಆಮೇಲೆ ಮದುವೆ ಸೀಸನ್ನಲ್ಲಿ, ಒಂದು ಥರದ ಜನ ನನ್ನ ಅಂಗಡಿ ಮುಂದೆ ಬಂದು ನಿಲ್ತಾರೆ. ಜೇಬಲ್ಲಿ ಇಟ್ಟು ಇಟ್ಟು ಮಡಿಕೆ ಹತ್ರ ಹರಿದಿರೋ ಒಂದು ಚೀಟಿ ತೆಗೀತಾರೆ, ಪಕ್ಕದವರಿಗೆ ಕೇಳಿಸಬಾರದು ಅಂತ ಮೆಲ್ಲಗೆ "ಅಣ್ಣಾ, ಡಿಡಿ ಕೇಸು, ಡಿಎಲ್ ಉಳಿಸ್ಕೊಳ್ಳೋಕೆ ಏನ್ ಮಾಡ್ಬೇಕು" ಅಂತಾರೆ. ಡಿಡಿ ಅಂದ್ರೆ ಡ್ರಂಕ್ ಅಂಡ್ ಡ್ರೈವ್, ಡಿಎಲ್ ಅಂದ್ರೆ ಡ್ರೈವಿಂಗ್ ಲೈಸೆನ್ಸ್. ಬಹಳಷ್ಟು ಜನ ಹೀಗೆ ಬರೋ ಹೊತ್ತಿಗೆ ಟೈಮು ಮೀರಿರುತ್ತೆ. ಅದನ್ನ ನೋಡಿ ನೋಡಿ ಸಾಕಾಗಿ ಈ ಪತ್ರ ಬರೀತಿದೀನಿ, ದಯವಿಟ್ಟು ಉದ್ದ ಆಯ್ತು ಅಂತ ಕತ್ತರಿಸ್ಬೇಡಿ.

ಮೊದಲೇ ಹೇಳ್ತೀನಿ, ಕುಡಿದು ಗಾಡಿ ಓಡಿಸೋರ ಪರ ನಾನಿಲ್ಲ. ನನ್ನ ಸ್ವಂತ ತಮ್ಮನೇ ಸಿಕ್ಕಿಬಿದ್ದಿದ್ದು, ಅವನ ಪರವೂ ಇಲ್ಲ. ಅವನು ಹಳದಿ ಬೋರ್ಡ್ ಕ್ಯಾಬ್ ಓಡಿಸ್ತಾನೆ, ಲೋನ್ ಗಾಡಿ. 2024ರ ಜನವರಿಯಲ್ಲಿ ಮಾಗಡಿ ಕಡೆ ಹೆಂಡ್ತಿ ಮನೆಯವರ ಬೀಗರೂಟಕ್ಕೆ ಹೋಗಿದ್ದ, ಬೀಗರೂಟ ಅಂದ್ರೆ ನಿಮಗೆ ಗೊತ್ತಲ್ಲ, ಊಟಕ್ಕಿಂತ ಮುಂಚೆ ತೋಟದಲ್ಲಿ ಬೇರೆ ವ್ಯವಸ್ಥೆ ಇರುತ್ತೆ. ಅಲ್ಲಿ ಕುಡಿದು ರಾತ್ರಿ ಹತ್ತಕ್ಕೆ ಹೆಂಡ್ತಿನ ಮುಂದೆ ಕೂರಿಸ್ಕೊಂಡು, ಮೂರು ವರ್ಷದ ಮಗಳನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹೊರಟಿದಾನೆ. ಆ ಮಗು ನನ್ನ ಹೆಗಲ ಮೇಲೆ ಬೆಳೆದಿರೋದು. ಆ ರಾತ್ರಿ ಪೊಲೀಸ್ನೋರು ಹಿಡೀದೇ ಇದ್ದಿದ್ರೆ ಏನಾಗ್ತಿತ್ತೋ ಅಂತ ನೆನೆಸ್ಕೊಂಡ್ರೆ ಇವತ್ತಿಗೂ ಕೈ ನಡುಗುತ್ತೆ, ಹಿಡಿದವರಿಗೆ ಕೈ ಮುಗೀತೀನಿ.

ರಿಂಗ್ ರೋಡಲ್ಲಿ ಬ್ಯಾರಿಕೇಡ್ ಹಾಕಿ ಚೆಕ್ ಮಾಡ್ತಿದ್ರಂತೆ, ಪೈಪಿಗೆ ಊದಿಸಿದಾಗ 84 ತೋರಿಸ್ತು. ಕಾನೂನಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಮೀರಬಾರದು, ಇವನದು ಹೆಚ್ಚೂ ಕಡಿಮೆ ಮೂರು ಪಟ್ಟು. ಗಾಡಿ ಇಟ್ಕೊಂಡ್ರು, ಡಿಎಲ್ ಇಟ್ಕೊಂಡ್ರು, ಮಿಷನ್ನಿಂದ ಬಂದ ಸ್ಲಿಪ್ಪು ಮತ್ತೆ ಒಂದು ರಸೀದಿ ಕೊಟ್ಟು ಕೋರ್ಟಿಗೆ ಹೋಗಿ ಫೈನ್ ಕಟ್ಟಿ ಗಾಡಿ ಬಿಡಿಸ್ಕೋ ಅಂದ್ರು. ಅವರು ಬಾಯಲ್ಲಿ ಹೇಳಿದ್ದು ಅಷ್ಟೇ. ರಸೀದಿ ಇಂಗ್ಲಿಷಲ್ಲಿತ್ತು, ನನ್ನ ತಮ್ಮ ಓದಿರೋದು ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ, ಅದೂ ಆ ಹೊತ್ತಲ್ಲಿ ಹೆಂಡ್ತಿ ಅಳ್ತಾ ನಿಂತಿದಾಳೆ, ಮಗು ಎದ್ದು ಹಸಿವು ಅಂತಿದೆ, ಯಾರು ಓದ್ತಾರೆ ಅದನ್ನ.

ಅವನು ಈ ವಿಷಯ ನನಗೆ ಹೇಳಲೇ ಇಲ್ಲ. ಅಣ್ಣ ಆರ್‌ಟಿಓ ಎದುರೇ ಅಂಗಡಿ ಇಟ್ಕೊಂಡಿದಾನೆ, ನಾಕು ಜನಕ್ಕೆ ಗೊತ್ತಾಗುತ್ತೆ ಅಂತ ನಾಚಿಕೆ ಅವನಿಗೆ. ಕೋರ್ಟಿಗೆ ಹೋದ, ತಪ್ಪೊಪ್ಪಿಕೊಂಡ, 10,000 ಫೈನ್ ಕಟ್ಟಿದ, ಗಾಡಿ ಬಿಡಿಸ್ಕೊಂಡು ಬಂದ. ಅಲ್ಲಿಗೆ ಮುಗೀತು ಅನ್ಕೊಂಡ. ನನ್ನ ಅಂಗಡಿಗೆ ಬರೋ ಪ್ರತಿಯೊಬ್ಬರೂ ಅನ್ಕೊಳ್ಳೋದು ಇದನ್ನೇ, "ಕಟ್ಟಿದೀನಲ್ಲ ಅಣ್ಣ ಇನ್ನೇನು?" ಆದ್ರೆ ಡಿಎಲ್ಲಿನ ಕಥೆ ಶುರುವಾಗೋದೇ ಅಲ್ಲಿಂದ. ಕೋರ್ಟಿಂದು ಒಂದು ದಾರಿ, ಆರ್‌ಟಿಓದು ಇನ್ನೊಂದು ದಾರಿ, ಎರಡೂ ಬೇರೆ ಬೇರೆ. ಒಂದು ಕಡೆ ಮುಗಿಸಿದ್ರೆ ಇನ್ನೊಂದು ಕಡೆದು ತಾನಾಗೇ ಮುಗಿಯಲ್ಲ. ಇಷ್ಟೇ ಇಷ್ಟು ಮಾತನ್ನ ಆ ರಾತ್ರಿ ಯಾರಾದ್ರೂ ಅವನಿಗೆ ಅರ್ಥ ಆಗೋ ಹಾಗೆ ಹೇಳಿದ್ರೆ ಸಾಕಿತ್ತು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ ಫೈನ್ ಜಾಸ್ತಿ ಆಗಿದ್ದು ಎಲ್ಲರಿಗೂ ಗೊತ್ತಾಯ್ತು, ಅವಾಗ ಟೀವಿಯಲ್ಲಿ ದಿನಾ ಅದೇ ಸುದ್ದಿ. 185ನೇ ಸೆಕ್ಷನ್ ಕೆಳಗೆ ಮೊದಲನೇ ಸಲ 10,000 ಫೈನ್ ಇಲ್ಲಾ ಆರು ತಿಂಗಳ ತನಕ ಜೈಲು ಇಲ್ಲಾ ಎರಡೂ, ಎರಡನೇ ಸಲ 15,000 ಫೈನ್ ಇಲ್ಲಾ ಎರಡು ವರ್ಷದ ತನಕ ಜೈಲು ಇಲ್ಲಾ ಎರಡೂ. ಆದ್ರೆ ಅದೇ ತಿದ್ದುಪಡೀಲಿ ಡಿಎಲ್ ವಿಷಯಕ್ಕೆ ಬಂದ ಬದಲಾವಣೆ ಯಾರ ಕಿವಿಗೂ ಬಿದ್ದಿಲ್ಲ. 206ನೇ ಸೆಕ್ಷನ್‌ಗೆ ನಾಲ್ಕನೇ ಉಪವಿಭಾಗ ಅಂತ ಸೇರಿಸಿದ್ರು, ಅದರ ಪ್ರಕಾರ ಕುಡಿದು ಓಡಿಸಿದಾನೆ ಅಂತ ನಂಬೋಕೆ ಕಾರಣ ಇದ್ರೆ ಪೊಲೀಸ್ನೋರು ಡಿಎಲ್ ತಗೊಂಡು ಆರ್‌ಟಿಓಗೆ ಕಳಿಸ್ಲೇಬೇಕು. ಅದಕ್ಕೆ ಒಂದು ತಾತ್ಕಾಲಿಕ ರಸೀದಿ ಕೊಡ್ತಾರೆ, ಆದ್ರೆ ಆ ರಸೀದಿ ಇಟ್ಕೊಂಡು ಗಾಡಿ ಓಡಿಸೋ ಹಾಗಿಲ್ಲ ಅಂತ ಕಾನೂನಲ್ಲೇ ಬರೆದಿದೆ, ಡಿಎಲ್ ವಾಪಸ್ ಕೈಗೆ ಬರೋ ತನಕ ಓಡಿಸೋ ಹಾಗಿಲ್ಲ. ಇಲ್ಲೇ ನಮ್ಮ ಡ್ರೈವರ್‌ಗಳು ಏಮಾರೋದು. ಯಾಕಂದ್ರೆ ಹಳೇ ಕಾಲದಿಂದ ಬೇರೆ ಕೇಸುಗಳಲ್ಲಿ ಡಿಎಲ್ ತಗೊಂಡಾಗ ಕೊಡೋ ರಸೀದಿ ಇದೆಯಲ್ಲ, ಅದನ್ನ ತೋರಿಸಿ ಓಡಿಸ್ಬಹುದು, ಅದೂ ಇದೇ 206ನೇ ಸೆಕ್ಷನ್‌ನಲ್ಲೇ ಇರೋದು. ಎರಡೂ ನೋಡೋಕೆ ಒಂದೇ ಥರ ಇರುತ್ತೆ, ಒಂದು ಓಡಿಸು ಅನ್ನುತ್ತೆ, ಇನ್ನೊಂದು ಓಡಿಸ್ಬೇಡ ಅನ್ನುತ್ತೆ. ಸ್ಟ್ಯಾಂಡಲ್ಲಿ ಹಿರಿಯ ಡ್ರೈವರ್‌ಗಳು "ರಸೀದಿ ಐತಲ್ಲ, ಓಡ್ಸು" ಅಂತಾರೆ, ಅವರು ಸುಳ್ಳು ಹೇಳ್ತಿಲ್ಲ, ಅವರ ಕಾಲದ್ದು ಹೇಳ್ತಿದಾರೆ ಅಷ್ಟೇ. ನನ್ನ ತಮ್ಮನೂ ಓಡಿಸಿದ, ಫೆಬ್ರವರಿಯಿಂದ ಜೂನ್ ತನಕ, ಕಂತು ಕಟ್ಬೇಕಲ್ಲ.

ಇನ್ನು ನೋಟೀಸ್ ವಿಷಯ. ಆರ್‌ಟಿಓದವರು ಸುಮ್ನೆ ಸಸ್ಪೆಂಡ್ ಮಾಡೋ ಹಾಗಿಲ್ಲ, 19ನೇ ಸೆಕ್ಷನ್ ಪ್ರಕಾರ ಡಿಎಲ್ ಇರೋನಿಗೆ ತನ್ನ ಮಾತು ಹೇಳೋಕೆ ಅವಕಾಶ ಕೊಡ್ಲೇಬೇಕು. ಕೊಟ್ಟಿದ್ರು. ನೋಟೀಸು ರಿಜಿಸ್ಟರ್ಡ್ ಪೋಸ್ಟಲ್ಲಿ ಡಿಎಲ್ ಮೇಲಿದ್ದ ಅಡ್ರೆಸ್ಸಿಗೆ ಹೋಯ್ತು, ಅದು ನಮ್ಮ ಊರಿನ ಮನೆ. ಅಲ್ಲಿರೋದು ನಮ್ಮಮ್ಮ ಒಬ್ಬರೇ, ಅವರಿಗೆ ಓದೋಕೆ ಬರಲ್ಲ. ಪೋಸ್ಟ್ ತಂದವರು "ಸರ್ಕಾರದ್ದು ಕಣಮ್ಮ, ಜೋಪಾನವಾಗಿ ಇಡಿ" ಅಂದಿದಾರೆ, ಹೆಬ್ಬೆಟ್ಟು ಹಾಕಿ ತಗೊಂಡು ಅಮ್ಮ ಅದನ್ನ ಜೋಪಾನವಾಗಿ ದೇವರ ಫೋಟೋ ಹಿಂದೆ ಇಟ್ಟಿದಾರೆ. ಯುಗಾದಿಗೆ ನಾವೆಲ್ಲ ಊರಿಗೆ ಹೋದಾಗಲೂ ಅವರಿಗೆ ನೆನಪಾಗ್ಲಿಲ್ಲ. ಮುಂದೆ ಗೌರಿ ಹಬ್ಬಕ್ಕೆ ಸುಣ್ಣ ಬಳಿಯೋಕೆ ಫೋಟೋ ಇಳಿಸಿದಾಗ ನಾನೇ ನೋಡಿದ್ದು, ಕವರು ಒಡೆದೇ ಇರ್ಲಿಲ್ಲ, ಒಂದು ಮೂಲೆಗೆ ದೀಪದ ಎಣ್ಣೆ ಹತ್ತಿ ಹಳದಿ ಆಗಿತ್ತು, ಒಳಗೆ ಮಾರ್ಚ್ ತಿಂಗಳ ಹಿಯರಿಂಗ್ ಡೇಟ್ ಇತ್ತು. ಅಮ್ಮ ಆ ದಿನ ಊಟ ಮಾಡ್ಲಿಲ್ಲ, ನನ್ನಿಂದ ಹಿಂಗಾಯ್ತಲ್ಲಪ್ಪ ಅಂತ. ಅವರದೇನು ತಪ್ಪು ಹೇಳಿ.

ಅವನು ಹೋಗದೇ ಇದ್ದಿದ್ದಕ್ಕೆ ಏಪ್ರಿಲ್‌ನಲ್ಲಿ ಅವನ ಬೆನ್ನ ಹಿಂದೆನೇ ಮೂರು ತಿಂಗಳು ಸಸ್ಪೆಂಡ್ ಅಂತ ಆರ್ಡರ್ ಆಯ್ತು. ಜೂನಲ್ಲಿ ಮಾಮೂಲಿ ಕಾಗದ ಪತ್ರ ಚೆಕ್ ಮಾಡುವಾಗ ನಂಬರ್ ಹೊಡೆದು ನೋಡಿದ್ರೆ ಡಿಎಲ್ ಸಸ್ಪೆಂಡೆಡ್ ಅಂತ ಬಂತು, ಅಂದು ಅವನು ಕುಡಿದಿರಲಿಲ್ಲ, ಬೆಳಗ್ಗೆ ಒಂಬತ್ತು ಗಂಟೆ, ಏರ್‌ಪೋರ್ಟ್ ಡ್ರಾಪ್ ಮುಗಿಸ್ಕೊಂಡು ಬರ್ತಿದ್ದ. ಸಸ್ಪೆಂಡ್ ಆಗಿರುವಾಗ ಓಡಿಸಿದ್ದಕ್ಕೆ 182ನೇ ಸೆಕ್ಷನ್, ಅದಕ್ಕೆ ಬೇರೆ 10,000 ಫೈನು, ಮೂರು ತಿಂಗಳ ತನಕ ಜೈಲಿಗೂ ಹಾಕ್ಬಹುದು. ಅದೇ ಸಂಜೆ ಆ್ಯಪ್ ಕಂಪನಿಯವರು ಐಡಿ ಬ್ಲಾಕ್ ಮಾಡಿದ್ರು. ಆವಾಗ ಬಂದು ನನ್ನ ಅಂಗಡೀಲಿ ಸ್ಟೂಲ್ ಮೇಲೆ ಕೂತು ಎಲ್ಲಾ ಹೇಳಿದ, ಹೇಳ್ತಾ ಹೇಳ್ತಾ ಅತ್ತ. ನಿಜ ಹೇಳ್ಬೇಕಂದ್ರೆ ನನಗೂ ಅಲ್ಲಿಯ ತನಕ ಈ ಸೆಕ್ಷನ್‌ಗಳು ಪೂರ್ತಿ ಗೊತ್ತಿರ್ಲಿಲ್ಲ, ದಿನಾ ಜೆರಾಕ್ಸ್‌ಗೆ ಬರೋ ಒಬ್ಬ ಲಾಯರ್ ಮೇಡಂ ಕಾಯ್ದೆ ಪುಸ್ತಕ ತಂದು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದ್ರು, ದುಡ್ಡೂ ತಗೊಳ್ಲಿಲ್ಲ.

ಅವರು ಹೇಳಿದ್ದನ್ನ ಇಲ್ಲಿ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ಪೊಲೀಸ್ನೋರು ಕಳಿಸಿದ ಡಿಎಲ್ ಮೇಲೆ ಆರ್‌ಟಿಓ ಅಧಿಕಾರಿ ವಿಚಾರಣೆ ಮಾಡ್ದಾಗ ಎರಡೇ ದಾರಿ, ಒಂದು ಕೇಸು ಕೈಬಿಟ್ಟು ಡಿಎಲ್ ವಾಪಸ್ ಕೊಡಬಹುದು, ಇಲ್ಲಾ ಕಾರಣ ಬರೆದು ಮೊದಲನೇ ಸಲ ಆದ್ರೆ ಮೂರು ತಿಂಗಳು ಅನರ್ಹ ಮಾಡಬಹುದು. ಎರಡನೇ ಸಲ ಸಿಕ್ಕಿಬಿದ್ರೆ ಡಿಎಲ್ಲೇ ರದ್ದು. ಹಾಗಾಗಿ ಹಿಯರಿಂಗ್‌ಗೆ ಹೋಗೋದು ಬಹಳ ಮುಖ್ಯ. ಹೋಗುವಾಗ ಪೊಲೀಸ್ನೋರು ಕೊಟ್ಟ ರಸೀದಿ, ಮಿಷನ್ ಸ್ಲಿಪ್ಪು, ಕೋರ್ಟ್ ರಸೀದಿ ಎಲ್ಲದರ ಕಾಪಿ ಇಟ್ಕೊಂಡು, ಹೇಳೋದನ್ನ ಬಿಳಿ ಹಾಳೇಲಿ ಬರೆದು ಸೈನ್ ಹಾಕಿ ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ. ಸ್ಲಿಪ್ಪಲ್ಲಿ ಹೆಸರು, ಟೈಮು, ಗಾಡಿ ನಂಬರ್ ತಪ್ಪಿದ್ರೆ ಅದನ್ನ ಹೇಳೋ ಜಾಗ ಅದೇ. ಅರೆಸ್ಟ್ ಮಾಡಿ ಕೂರಿಸ್ಕೊಂಡಿದ್ರೆ ಎರಡು ಗಂಟೆ ಒಳಗೆ ಡಾಕ್ಟರ್ ಹತ್ರ ತಪಾಸಣೆ ಆಗ್ಬೇಕು, ಇಲ್ಲಾಂದ್ರೆ ಬಿಡ್ಬೇಕು ಅಂತ 202ನೇ ಸೆಕ್ಷನ್‌ನಲ್ಲಿದೆ, ಅದು ಆಗಿಲ್ಲ ಅಂದ್ರೆ ಅದನ್ನೂ ಹೇಳಿ. ಆದ್ರೆ ಕುಡಿದಿದ್ದು ನಿಜ ಅಂದ್ರೆ ಸುಳ್ಳು ಕಥೆ ಕಟ್ಟೋಕೆ ಹೋಗ್ಬೇಡಿ, ಊದಲ್ಲ ಅಂತ ಹಠ ಮಾಡೋದೂ ಬೇಡ, ಊದದೇ ಇದ್ದಿದ್ದನ್ನೇ ಕೋರ್ಟು ನಿಮ್ಮ ವಿರುದ್ಧ ತಗೋಬಹುದು, ಅದಕ್ಕೂ 205 ಅಂತ ಸೆಕ್ಷನ್ ಇದೆ. ಆರ್ಡರ್ ಸರಿಯಿಲ್ಲ ಅನಿಸಿದ್ರೆ ಅದು ಕೈಗೆ ಬಂದ 30 ದಿನದೊಳಗೆ ಅಪೀಲು ಹಾಕ್ಬಹುದು. ಈ 30 ದಿನದ ಮಾತು ನಾನು ನನ್ನ ಅಂಗಡೀಲಿ ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಲ್ಲ, ಒಬ್ಬರಿಗೂ ಮುಂಚೆ ಗೊತ್ತಿರ್ಲಿಲ್ಲ.

ಕೋರ್ಟಲ್ಲೂ ಅಷ್ಟೇ, ಸುಮ್ನೆ ಲೈನಲ್ಲಿ ನಿಂತು ತಪ್ಪಾಯ್ತು ಅಂದು ಫೈನ್ ಕಟ್ಟಿ ಬರೋದು ಸುಲಭ ಅನ್ಸುತ್ತೆ, ಇದು ಹೆಲ್ಮೆಟ್ ಫೈನ್ ಥರ ರಸ್ತೇಲಿ ಕಟ್ಟಿ ಮುಗಿಸೋ ಕೇಸಲ್ಲ, ತಪ್ಪೊಪ್ಪಿಕೊಂಡ್ರೆ ಅದು ಶಿಕ್ಷೆ ಅಂತ ದಾಖಲೆಗೆ ಹೋಗುತ್ತೆ. 20ನೇ ಸೆಕ್ಷನ್‌ನಲ್ಲಿ 185ರ ಕೆಳಗೆ ಶಿಕ್ಷೆಯಾದವರನ್ನ ಕಡಿಮೆ ಅಂದ್ರೂ ಆರು ತಿಂಗಳು ಡಿಎಲ್‌ಗೆ ಅನರ್ಹ ಮಾಡ್ಬೇಕು ಅಂತಿದೆ. ನನ್ನ ತಮ್ಮನ ಕೇಸಲ್ಲಿ ಬರೀ ಫೈನ್ ಆಯ್ತು, ಎಲ್ಲರಿಗೂ ಹಾಗೇ ಆಗುತ್ತೆ ಅನ್ಕೊಳ್ಳೋದು ತಪ್ಪು. ಹೋಗೋಕೆ ಮುಂಚೆ ಒಬ್ಬ ವಕೀಲರನ್ನ ಕೇಳಿ, ಫೀಸು ಕೊಡೋ ಶಕ್ತಿ ಇಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಕಡಿಮೆ ಇರೋರಿಗೆ ಪುಕ್ಕಟೆ ವಕೀಲರನ್ನ ಕೊಡ್ತಾರೆ, 15100ಕ್ಕೆ ಫೋನ್ ಮಾಡಿ ಕೇಳಬಹುದು.

ಹೋದ ವರ್ಷ ಒಬ್ಬರು ಟೆಂಪೋ ಡ್ರೈವರ್ ಬಂದಿದ್ರು, ಐವತ್ತರ ಮೇಲಿನವರು. ನೋಟೀಸ್ ಬಂದ ಮಾರನೇ ದಿನಾನೇ ಕವರ್ ಸಮೇತ ಅಂಗಡಿಗೆ ಬಂದ್ರು, ಇಬ್ಬರೂ ಕೂತು ಒಂದು ಪುಟ ಬರೆದ್ವಿ, "ಕುಡಿದಿದ್ದು ನಿಜ, ಇಷ್ಟು ವರ್ಷದಲ್ಲಿ ಇದು ಮೊದಲನೇ ಸಲ, ಇನ್ನು ಹೀಗೆ ಮಾಡಲ್ಲ" ಅಂತ. ಮೂರು ತಿಂಗಳು ಹೋಗೇ ಹೋಯ್ತು, ಆದ್ರೆ ಆರ್ಡರ್ ಕಾಪಿ ಅವರ ಕೈಲಿತ್ತು, ಯಾವತ್ತಿಂದ ಯಾವತ್ತಿನ ತನಕ ಅಂತ ತಾರೀಕು ಗೊತ್ತಿತ್ತು, ಅಷ್ಟು ದಿನ ಅಕ್ಕನ ಮಗನ್ನ ಗಾಡಿಗೆ ಹಾಕ್ಕೊಂಡ್ರು, ಇವರು ಪಕ್ಕದಲ್ಲಿ ಕೂತು ಲೋಡು ಇಳಿಸಿದ್ರು, ಸಸ್ಪೆಂಡ್ ಆದವರಿಗೆ ಇರೋ ರಿಫ್ರೆಶರ್ ತರಬೇತಿ ಮುಗಿಸಿ ಡಿಎಲ್ ವಾಪಸ್ ಇಸ್ಕೊಂಡು ಹೋದ್ರು. ಅವರದೂ ನನ್ನ ತಮ್ಮಂದೂ ಒಂದೇ ತಪ್ಪು. ಅವರದು ಹೇಳಿದ ಟೈಮಿಗೆ ಮುಗೀತು. ನನ್ನ ತಮ್ಮನಿಗೆ ಡಿಎಲ್ ಕೈಗೆ ಸಿಕ್ಕಿದ್ದು ಸೆಪ್ಟೆಂಬರ್ ಕೊನೇಲಿ, ಅಷ್ಟೊತ್ತಿಗೆ ಮೂರು ಕಂತು ಬಿದ್ದಿತ್ತು, ಅವನ ಹೆಂಡ್ತಿ ಕಿವಿ ಓಲೆ ಗಿರವಿಗೆ ಹೋಗಿತ್ತು.

ಬ್ರೋಕರ್‌ಗಳ ವಿಷಯ ಹೇಳ್ದೇ ಇದ್ರೆ ನನ್ನ ಮನಸ್ಸು ಒಪ್ಪಲ್ಲ. ನನ್ನ ಅಂಗಡಿಯಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತಿರ್ತಾರೆ. "ಡಿಎಲ್ ಕಳೆದು ಹೋಗಿದೆ ಅಂತ ಕಂಪ್ಲೇಂಟ್ ಹಾಕ್ಸಿ ಡೂಪ್ಲಿಕೇಟ್ ತೆಗೆಸ್ಕೊಡ್ತೀನಿ, 6,000 ಕೊಡಿ" ಅಂತಾರೆ, ತಮ್ಮನಿಗೂ ಅಂದಿದ್ರಂತೆ, ದೇವರ ದಯೆ ಆವತ್ತು ಅವನ ಹತ್ರ ದುಡ್ಡಿರ್ಲಿಲ್ಲ. ದಯವಿಟ್ಟು ಇದಕ್ಕೆ ಬೀಳ್ಬೇಡಿ. ಪೊಲೀಸರ ಹತ್ರ ಇರೋ ಡಿಎಲ್‌ನ ಕಳೆದುಹೋಯ್ತು ಅಂತ ಬರೆದುಕೊಡೋದು ಸುಳ್ಳು ದೂರು, ಅದೇ ಒಂದು ಹೊಸ ಕೇಸು. ಅನರ್ಹ ಆಗಿರುವಾಗ ಡಿಎಲ್‌ಗೆ ಅರ್ಜಿ ಹಾಕೋದೂ ಅದೇ 182ರಲ್ಲಿ ಅಪರಾಧ. ಇವಾಗ ಎಲ್ಲಾ ಸಾರಥಿಯಲ್ಲಿ, ಅಂದ್ರೆ ಡಿಎಲ್ ಕೆಲಸದ ಸರ್ಕಾರಿ ವೆಬ್‌ಸೈಟಲ್ಲಿ, ಆನ್‌ಲೈನು, ಕಾರ್ಡು ಹೊಸದಾಗಿ ಬಂದ್ರೂ ನಂಬರ್ ಹೊಡೆದ ತಕ್ಷಣ ಸ್ಟೇಟಸ್ ಬರುತ್ತೆ. ಆ ದುಡ್ಡಲ್ಲಿ ಮನೆಗೆ ಒಂದು ತಿಂಗಳ ರೇಷನ್ ಬರುತ್ತೆ.

ಡ್ರೈವರ್ ಅಣ್ಣತಮ್ಮಂದಿರಿಗೆ ಇನ್ನೂ ಒಂದು ಮಾತು. ರಾತ್ರಿ ಕುಡಿದು ಮಲಗಿ ಬೆಳಗಿನ ಜಾವ ನಾಕಕ್ಕೆ ಡ್ಯೂಟಿಗೆ ಎದ್ದು ಹೋಗ್ತೀರಲ್ಲ, ತಣ್ಣೀರು ಸ್ನಾನ, ಮಜ್ಜಿಗೆ, ಲವಂಗ, ಈರುಳ್ಳಿ ಯಾವುದೂ ಕೆಲಸ ಮಾಡಲ್ಲ. ಮಿಷನ್ ನೋಡೋದು ಬಾಯಿ ವಾಸನೆಯನ್ನಲ್ಲ, ಎದೆಯಿಂದ ಬರೋ ಉಸಿರಲ್ಲಿರೋ ಆಲ್ಕೋಹಾಲನ್ನ. ಅದು ಮೈಯಿಂದ ಇಳಿಯೋಕೆ ಟೈಮು ಒಂದೇ ದಾರಿ, ಜಾಸ್ತಿ ಕುಡಿದಿದ್ರೆ ಬೆಳಗ್ಗೆ ತನಕ ಉಳಿದಿರುತ್ತೆ. ನಿದ್ದೆ ಮಾಡಿದೀನಿ ಅಂತ ಧೈರ್ಯ ತಗೋಬೇಡಿ.

ಡಿಡಿ ಕೇಸಿನವರಿಗೆ ಯಾಕೆ ದಾರಿ ತೋರಿಸ್ಬೇಕು, ಅನುಭವಿಸ್ಲಿ ಬಿಡಿ ಅಂತ ಕೆಲವರು ಅಂತಾರೆ, ನನ್ನ ಮನೆಯಾಕೆನೇ ಅಂದ್ಲು. ಅನುಭವಿಸ್ಲಿ, ಮೂರು ತಿಂಗಳೂ ಅನುಭವಿಸ್ಲಿ, ಒಂದು ದಿನ ಕಡಿಮೆ ಮಾಡಿ ಅಂತ ನಾನು ಕೇಳ್ತಿಲ್ಲ. ಆದ್ರೆ ಮೂರು ತಿಂಗಳು ಓಡಿಸ್ಬಾರ್ದು ಅನ್ನೋದು ಅವನಿಗೆ ಗೊತ್ತಾದ್ರೆ ತಾನೇ ಗಾಡಿ ನಿಲ್ಸೋದು? ನನ್ನ ತಮ್ಮ ಐದು ತಿಂಗಳು ಡಿಎಲ್ ಇಲ್ಲದೇ ಏರ್‌ಪೋರ್ಟ್ ರೋಡಲ್ಲಿ ಜನರನ್ನ ಕೂರಿಸ್ಕೊಂಡು ಓಡಾಡಿದಾನೆ. ಆ ಟೈಮಲ್ಲಿ ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ ಇನ್ಶೂರೆನ್ಸ್ ಕಂಪನಿ ಏಟು ತಿಂದವರಿಗೆ ಪರಿಹಾರ ಕೊಟ್ರೂ ಆಮೇಲೆ ಆ ದುಡ್ಡನ್ನ ಇವನಿಂದ ವಸೂಲಿ ಮಾಡ್ತಿತ್ತು, ನಮ್ಮ ಊರಿನ ಮನೆ ಮಾರಿದ್ರೂ ಸಾಲ್ತಿರ್ಲಿಲ್ಲ. ಸಸ್ಪೆಂಡ್ ಅನ್ನೋದು ಫೈಲಲ್ಲಿ ಇದ್ದು ರಸ್ತೇಲಿ ಇಲ್ಲ ಅಂದ್ರೆ ಅದರಿಂದ ಯಾರಿಗೆ ರಕ್ಷಣೆ ಸಿಕ್ಕಂಗಾಯ್ತು?

ಆದ್ದರಿಂದ ಸಾರಿಗೆ ಇಲಾಖೆಯವರಲ್ಲಿ, ಟ್ರಾಫಿಕ್ ಪೊಲೀಸ್ನೋರಲ್ಲಿ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ, ಡಿಎಲ್ ತಗೊಳ್ಳುವಾಗ ಆ ರಸೀದಿ ಜೊತೆಗೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಒಂದು ಪುಟ ಕೊಡಿ, ಈ ರಸೀದಿಯಲ್ಲಿ ಗಾಡಿ ಓಡಿಸೋ ಹಾಗಿಲ್ಲ, ಕೋರ್ಟ್ ಬೇರೆ ಆರ್‌ಟಿಓ ಬೇರೆ, ನೋಟೀಸ್ ಈ ಅಡ್ರೆಸ್ಸಿಗೆ ಬರುತ್ತೆ, ಬೇರೆ ಕಡೆ ಇದ್ರೆ ಇಲ್ಲೇ ಬರೆಸಿ ಅಂತ. ಸ್ಥಳದಲ್ಲೇ ಈಗಿರೋ ಅಡ್ರೆಸ್ಸು, ಮೊಬೈಲ್ ನಂಬರ್ ಬರ್ಕೊಳ್ಳಿ, ಹಿಯರಿಂಗ್ ಡೇಟನ್ನ ಕನ್ನಡದಲ್ಲೇ ಮೆಸೇಜ್ ಕಳಿಸಿ. ಫೈನ್ ಬಾಕಿ ಇದ್ರೆ ನಮ್ಮ ಫೋನಿಗೆ ಮೆಸೇಜ್ ಬರುತ್ತೆ, ಅಷ್ಟೇ ಸುಲಭವಾಗಿ ಇದೂ ಬರಬಹುದಲ್ವಾ. ಓದುಗರೂ ಊರಿನ ಅಡ್ರೆಸ್ಸಲ್ಲಿ ಡಿಎಲ್ ಮಾಡಿಸಿದ್ರೆ ಸಾರಥಿಯಲ್ಲಿ ಅಡ್ರೆಸ್ಸು, ಮೊಬೈಲ್ ನಂಬರ್ ಬದಲಾಯಿಸ್ಕೊಳ್ಳಿ, ಕೇಸು ಇರ್ಲಿ ಬಿಡ್ಲಿ.

ನಾನು ಕಾಯ್ಕೊಂಡು ಕೂತಿಲ್ಲ. ಲಾಯರ್ ಮೇಡಂ ಹೇಳಿದ್ದನ್ನ ಒಂದು ಪುಟ ಟೈಪ್ ಮಾಡಿ ಅಂಗಡಿ ಬಾಗಿಲಿಗೆ ಅಂಟಿಸಿದೀನಿ, ಕೇಳ್ದೋರಿಗೆ ಒಂದೊಂದು ಕಾಪಿ ಕೊಡ್ತೀನಿ, ದುಡ್ಡು ತಗೊಳ್ಳಲ್ಲ. ಆದ್ರೆ ಜೆರಾಕ್ಸ್ ಅಂಗಡಿಯವನ ಪುಟಕ್ಕೂ ಇಲಾಖೆ ಸೀಲ್ ಇರೋ ಪುಟಕ್ಕೂ ವ್ಯತ್ಯಾಸ ಇದೆ, ಅದೂ ಅಲ್ದೇ ಅದು ಬೇಕಾಗಿರೋದು ಬ್ಯಾರಿಕೇಡ್ ಹತ್ರ, ರಾತ್ರಿ ಹನ್ನೊಂದು ಗಂಟೆಗೆ. ಇಲಾಖೆಯವರು ಯಾರಾದ್ರೂ ಬಂದ್ರೆ ಆ ಪುಟ ಕೊಡ್ತೀನಿ, ತಪ್ಪಿದ್ರೆ ತಿದ್ದಿ, ನಿಮ್ಮ ಸೀಲ್ ಹಾಕಿ ಹಂಚಿ.

ಇತಿ ನಿಮ್ಮ ಓದುಗ,
ಒಬ್ಬ ಜೆರಾಕ್ಸ್ ಅಂಗಡಿಯವ, ಬೆಂಗಳೂರು
(ತಮ್ಮನ ಮನೆಯವರಿಗೆ ಮುಜುಗರ ಆಗ್ಬಾರ್ದು ಅಂತ ಹೆಸರು ಹಾಕಿಲ್ಲ)